ಸ್ಕ್ರೂ ಸುತ್ತ ಕಪ್ಪು ಪಟ್ಟಿ: ಎಲುಬು ಕರಗುತ್ತಿದೆಯಾ?

ಪ್ರಶ್ನೆ: ನಾನು ಗದಗಿನ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ನನ್ನ ಮಗನಿಗೆ 31 ವರ್ಷ. ಜರ್ಮನಿಯಲ್ಲಿ ಎಂಜಿನಿಯರ್. ಜನವರಿಯಲ್ಲಿ ಹಿಮದ ಮೇಲೆ ಜಾರಿ ಬಿದ್ದು ಬಲಗಾಲಿನ ಪಾದದ ಗಂಟಿನ ಒಳಬದಿಯ ಎಲುಬು ಮುರಿಯಿತು. ಅಲ್ಲಿನ ಡಾಕ್ಟರು ಎರಡು ಸ್ಕ್ರೂ ಹಾಕಿದರು. ಅವು ಸ್ಟೀಲೂ ಅಲ್ಲ, ಟೈಟೇನಿಯಮ್ಮೂ ಅಲ್ಲ, ಮೆಗ್ನೀಸಿಯಂ ಲೋಹದವು, ಒಳಗೇ ಕರಗುತ್ತವೆ, ತೆಗೆಸುವ ಆಪರೇಷನ್ ಬೇಕಾಗುವುದಿಲ್ಲ ಎಂದರಂತೆ. ಈಗ ರಜೆ ಹಾಕಿ ಊರಿಗೆ ಬಂದಿದ್ದಾನೆ. ಒಂಬತ್ತನೇ ವಾರಕ್ಕೆ ಇಲ್ಲೇ ಎಕ್ಸ್‌ರೇ ತೆಗೆಸಿದೆವು. ಫೋಟೊ ಜೊತೆಗಿಟ್ಟಿದ್ದೇನೆ. ಎರಡೂ ಸ್ಕ್ರೂ ಸುತ್ತ ಕಪ್ಪು ಪಟ್ಟಿ ಕಾಣುತ್ತಿದೆ. ಎಕ್ಸ್‌ರೇ ತೆಗೆದವರು ‘ಸ್ಕ್ರೂ ಎಲುಬು ತಿನ್ನುತ್ತಿದೆ, ಇನ್‌ಫೆಕ್ಷನ್ ಇರಬಹುದು, ಬೇಗ ತೆಗೆಸಿ’ ಎಂದರು. ಮಗನಿಗೆ ಜ್ವರವಿಲ್ಲ, ಗಾಯ ಒಣಗಿದೆ, ನೋವು ಮೊದಲಿಗಿಂತ ಕಡಿಮೆ. ಮೆಗ್ನೀಸಿಯಂ ಎಂದರೆ ಶಾಲೆಯಲ್ಲಿ ಝಗ್ಗನೆ ಉರಿಸಿ ತೋರಿಸುತ್ತಿದ್ದ ಪಟ್ಟಿ ಅಲ್ವಾ, ಅದನ್ನು ಮೈಯೊಳಗೆ ಇಡೋದಾ ಎಂದು ನೆರೆಯವರು ಹೆದರಿಸಿದ್ದಾರೆ. ಕರಗಿದ ಮೇಲೆ ಎಲುಬಿನಲ್ಲಿ ತೂತು ಉಳಿಯುತ್ತದಾ? ಕಿಡ್ನಿಗೆ ತೊಂದರೆಯಾ? ಜೋಳದಲ್ಲೂ ಮೆಗ್ನೀಸಿಯಂ ಇದೆಯಂತೆ, ರೊಟ್ಟಿ ಬಿಡಿಸಬೇಕಾ? ಇನ್ನೊಂದು ಮಾತು. ಹಾವೇರಿಯಲ್ಲಿರುವ ನನ್ನ ತಮ್ಮನಿಗೆ 46 ವರ್ಷ, ಶುಗರ್ ಇದೆ. ಅವನಿಗೆ ಮೊಣಕಾಲಿನ ಲಿಗಮೆಂಟ್ ಆಪರೇಷನ್ ಗೊತ್ತಾಗಿದೆ. ಅವನಿಗೂ ‘ಕರಗುವ ಸ್ಕ್ರೂ’ ಹಾಕುತ್ತಾರಂತೆ. ಇದೂ ಅದೇನಾ? ಬೇಡ ಎನ್ನಲಾ?

ಉತ್ತರ: ಅಕ್ಕೋರೇ, ಮೊದಲು ಅವಸರದ ಮಾತು ಹೇಳಿಬಿಡುತ್ತೇನೆ. ಸ್ಕ್ರೂ ತೆಗೆಸಲು ಈಗಲೇ ಓಡಬೇಡಿ. ನೀವು ಕಳಿಸಿದ ಫೋಟೊ ಎರಡು ಸಲ ನೋಡಿದೆ. ಕಪ್ಪು ಪಟ್ಟಿ ಇದೆ, ನಿಮ್ಮ ಕಣ್ಣು ತಪ್ಪಿಲ್ಲ. ಆದರೆ ಅದು ಎರಡೂ ಸ್ಕ್ರೂಗಳ ಸುತ್ತ ಹೆಚ್ಚುಕಡಿಮೆ ಒಂದೇ ಅಗಲ ಇದೆ, ಅಂಚು ನುಣುಪಾಗಿದೆ. ಎಲುಬು ಮುರಿದ ಗೆರೆ ಮಸುಕಾಗುತ್ತ ಬಂದಿದೆ, ಅಂದರೆ ಕೂಡಿಕೊಳ್ಳುತ್ತಿದೆ. ಮಗನ ನೋವು ಇಳಿಮುಖವಾಗಿದೆ. ಮೆಗ್ನೀಸಿಯಂ ಸ್ಕ್ರೂ ಹಾಕಿ ಎರಡು ತಿಂಗಳಾದವರ ಕಾಲು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದೇ ಹೀಗೆ. ಫೋಟೊ ನೋಡಿ ಹೇಳುವುದಕ್ಕೆ ಒಂದು ಮಿತಿ ಇದೆ. ಯಾರಾದರೂ ಎಲುಬಿನ ಡಾಕ್ಟರು ಕಾಲನ್ನು ಕೈಯಿಂದ ಮುಟ್ಟಿ, ಒತ್ತಿ ನೋಡಲೇಬೇಕು. ಅದನ್ನು ಈ ವಾರ ಮಾಡಿಸಿ.

ಎಕ್ಸ್‌ರೇ ತೆಗೆದವರ ಮೇಲೆ ಸಿಟ್ಟಾಗಬೇಡಿ. ಅವರು ಕಲಿತದ್ದನ್ನೇ ಹೇಳಿದ್ದಾರೆ. ನಾನೂ ಹುಬ್ಬಳ್ಳಿಯ ಕಿಮ್ಸ್‌ನಲ್ಲಿ ಓದುವಾಗ ಅದನ್ನೇ ಕಲಿತೆ. ಸ್ಟೀಲ್ ಅಥವಾ ಟೈಟೇನಿಯಂ ಸ್ಕ್ರೂ ಸುತ್ತ ಕಪ್ಪು ಉಂಗುರ ಕಂಡರೆ ಎರಡೇ ಅರ್ಥ: ಸ್ಕ್ರೂ ಸಡಿಲಾಗಿದೆ, ಇಲ್ಲವೇ ಕೀವಾಗಿದೆ. ಆ ಲೋಹಗಳು ತಾವಾಗಿ ಏನೂ ಮಾಡುವುದಿಲ್ಲ, ಹಾಕಿದ ಹಾಗೇ ಇರುತ್ತವೆ. ಹಾಗಾಗಿ ಸುತ್ತಲಿನ ಎಲುಬು ಬದಲಾದರೆ ಬೇರೇನೋ ನಡೆದಿದೆ ಎಂದೇ ಲೆಕ್ಕ. ಮೆಗ್ನೀಸಿಯಂ ವಿಷಯದಲ್ಲಿ ಈ ಲೆಕ್ಕ ಹಿಡಿಯುವುದಿಲ್ಲ. ಈ ಲೋಹ ಕರಗಬೇಕೆಂದೇ ಹಾಕಿದ್ದು. ಕರಗುವಾಗ ಸುತ್ತಮುತ್ತ ಗುರುತು ಬಿಡದೆ ಇರುವುದಿಲ್ಲ.

ಗುರುತು ಯಾಕೆ ಕಪ್ಪು ಅಂತ ನೋಡೋಣ. ನೀವು ಮಕ್ಕಳಿಗೆ ಪಾಠ ಮಾಡಿದವರು, ಸಮೀಕರಣ ಹೇಳಿದರೆ ಬೇಜಾರಾಗಲಿಕ್ಕಿಲ್ಲ. ಮೆಗ್ನೀಸಿಯಂ ನೀರಿನ ಜೊತೆ ಸೇರಿದರೆ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಆಗುತ್ತದೆ, ಹೈಡ್ರೋಜನ್ ಅನಿಲ ಹೊರಬರುತ್ತದೆ. ಮೊದಲನೆಯದು ಹೊಸ ವಸ್ತುವೇನಲ್ಲ. ಆಸಿಡಿಟಿಗೆ ಕುಡಿಯುವ ಬಿಳಿ ಸಿರಪ್ಪುಗಳಲ್ಲಿ ಅದೇ ಇರುತ್ತದೆ. ಎರಡನೆಯದು ಗಾಳಿಯಂಥದ್ದು. ಎಕ್ಸ್‌ರೇಯಲ್ಲಿ ಎಲುಬು ಬೆಳ್ಳಗೆ, ಗಾಳಿ ಕಪ್ಪಗೆ. ಎದೆಯ ಎಕ್ಸ್‌ರೇಯಲ್ಲಿ ಪುಪ್ಪುಸ ಕಪ್ಪಗೆ ಕಾಣುವುದಿಲ್ಲವೇ, ಹಾಗೆ.

ಎಷ್ಟು ಗಾಳಿ? ಒಂದು ಗ್ರಾಂ ಮೆಗ್ನೀಸಿಯಂ ಪೂರ್ತಿ ಕರಗಿದರೆ ಸುಮಾರು ಒಂದು ಲೀಟರ್ ಹೈಡ್ರೋಜನ್ ಬರುತ್ತದೆ. ಕೇಳಿದರೆ ಎದೆ ಝಲ್ಲೆನ್ನುತ್ತದೆ. ನಿಮ್ಮ ಮಗನಿಗೆ ಹಾಕಿದಂಥ ಎರಡು ಸ್ಕ್ರೂ ಸೇರಿ ತೂಕ ಹೆಚ್ಚುಕಡಿಮೆ ಒಂದು ಗ್ರಾಂ ಆಗಬಹುದು. ಅದು ಒಂದು ವರ್ಷದಲ್ಲಿ ಕರಗುತ್ತದೆ ಎಂದುಕೊಳ್ಳಿ. ದಿನಕ್ಕೆ ಮೂರು ಮಿಲಿಲೀಟರಿಗೂ ಕಡಿಮೆ ಗಾಳಿ ಆಯಿತು. ಇಷ್ಟನ್ನು ರಕ್ತ ಹೀರಿಕೊಂಡು ಉಸಿರಿನಲ್ಲಿ ಹೊರಗೆ ಹಾಕಬಲ್ಲದು. ತೊಂದರೆ ಏನೆಂದರೆ ಕರಗುವ ವೇಗ ದಿನವೂ ಒಂದೇ ಇರುವುದಿಲ್ಲ. ಮೊದಲ ವಾರಗಳಲ್ಲಿ ಜಾಸ್ತಿ. ಆಗ ರಕ್ತ ಒಯ್ಯುವುದಕ್ಕಿಂತ ಗಾಳಿ ಹುಟ್ಟುವುದೇ ಜೋರಾಗಿ, ಉಳಿದದ್ದು ಸ್ಕ್ರೂ ಸುತ್ತ ಗುಳ್ಳೆಯಾಗಿ ಕೂರುತ್ತದೆ. ಕೆಲವರಿಗೆ ಚರ್ಮದ ಕೆಳಗೆ ಒತ್ತಿದಾಗ ಚರಚರ ಅನ್ನಿಸುವುದೂ ಉಂಟು.

ಕಪ್ಪೆಲ್ಲ ಬರೀ ಗಾಳಿ ಎಂದೂ ಹೇಳಲಾರೆ. ಅದರಲ್ಲಿ ಎಳೆಯ ಎಲುಬೂ ಇರುತ್ತದೆ. ಹೊಸದಾಗಿ ಕಟ್ಟಿದ ಎಲುಬಿಗೆ ಸುಣ್ಣದ ಅಂಶ ತುಂಬಿಕೊಳ್ಳುವ ತನಕ ಅದು ಎಕ್ಸ್‌ರೇಗೆ ಬೀಳುವುದಿಲ್ಲ. ಇನ್ನು ಒಂದು ಪಾಲು ನಿಜವಾಗಿಯೂ ಸವೆದ ಎಲುಬು. ಲೋಹ ಕರಗುವ ಜಾಗ ಸುಣ್ಣದ ನೀರಿನ ಹಾಗೆ ಕ್ಷಾರವಾಗುತ್ತದೆ, ಮೈ ಅದಕ್ಕೆ ಸ್ವಲ್ಪ ಕೆರಳುತ್ತದೆ, ಎಲುಬು ಕೆಡಹುವ ಜೀವಕೋಶಗಳು ಅಲ್ಲಿ ಸೇರುತ್ತವೆ. ಹಾಗಾಗಿ ‘ಮೆಗ್ನೀಸಿಯಂ ಎಲುಬಿಗೆ ಏನೂ ಮಾಡುವುದಿಲ್ಲ’ ಎನ್ನುವ ಮಾರಾಟದ ಮಾತೂ ಪೂರ್ತಿ ಸತ್ಯವಲ್ಲ. ಮೊದಲ ತಿಂಗಳುಗಳಲ್ಲಿ ಅಲ್ಪಸ್ವಲ್ಪ ಎಲುಬು ಹೋಗುತ್ತದೆ, ಆಮೇಲೆ ಮರಳಿ ಬರುತ್ತದೆ. ಪ್ರಶ್ನೆ ಇರುವುದು ಹೋಗುವ ವೇಗಕ್ಕೂ ಬರುವ ವೇಗಕ್ಕೂ ಹೊಂದಾಣಿಕೆ ಇದೆಯಾ ಎಂಬುದರಲ್ಲಿ. ಈ ಇಡೀ ವಿದ್ಯೆ ನಿಂತಿರುವುದು ಆ ಒಂದು ವೇಗದ ಮೇಲೆ.

ಗದಗಿನವರಿಗೆ ಒಂದು ಉದಾಹರಣೆ ಬೇಗ ಹಿಡಿಸುತ್ತದೆ. ನಿಮ್ಮ ಕಡೆ ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ಒಳಗೆ ಬಿಳಿ ಹಕ್ಕಳೆ ಕಟ್ಟುತ್ತದಲ್ಲ, ಮೈಯೊಳಗೆ ಸ್ಕ್ರೂ ಮೇಲೂ ಅಂಥದ್ದೇ ಒಂದು ಪದರ ಕೂರುತ್ತದೆ. ರಕ್ತದಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿ ಅದು ಆಗುತ್ತದೆ. ಎಲುಬಿನಲ್ಲಿರುವುದೂ ಇವೇ ಎರಡು. ಈ ಹಕ್ಕಳೆ ಕಟ್ಟಿದ ಮೇಲೆ ಕರಗುವುದು ನಿಧಾನವಾಗುತ್ತದೆ, ಅದರ ಮೇಲೆ ಹೊಸ ಎಲುಬು ಹತ್ತಿಕೊಳ್ಳುತ್ತದೆ. ಇದಕ್ಕೆ ಅಡ್ಡಗಾಲು ಹಾಕುವುದು ಉಪ್ಪು. ನಮ್ಮ ಮೈಯ ನೀರು ಉಪ್ಪುನೀರು. ಕಾರವಾರದಲ್ಲಿ ಕಬ್ಬಿಣದ ಗೇಟು ಧಾರವಾಡಕ್ಕಿಂತ ಬೇಗ ತುಕ್ಕು ಹಿಡಿಯುವ ಹಾಗೆ, ಉಪ್ಪಿನ ಅಂಶ ಆ ಪದರವನ್ನು ಅಲ್ಲಲ್ಲಿ ಒಡೆಯುತ್ತಿರುತ್ತದೆ. ಅದಕ್ಕೇ ಶುದ್ಧ ಮೆಗ್ನೀಸಿಯಂಗೆ ಬೇರೆ ಲೋಹ ಬೆರೆಸಿ ಅದನ್ನು ಹದಕ್ಕೆ ತರುತ್ತಾರೆ. ಜರ್ಮನಿಯ ಸ್ಕ್ರೂಗಳಲ್ಲಿ ಯಟ್ರಿಯಂ, ಜಿರ್ಕೋನಿಯಂ ಮತ್ತು ಕೆಲವು ಅಪರೂಪದ ಲೋಹ ಇರುತ್ತವೆ. ಕೊರಿಯಾದವರು ಕ್ಯಾಲ್ಸಿಯಂ, ಸತು ಬೆರೆಸಿದರು. ನನಗೆ ಎರಡನೆಯ ದಾರಿ ಹೆಚ್ಚು ಇಷ್ಟ. ಕ್ಯಾಲ್ಸಿಯಮ್ಮೂ ಸತುವೂ ಮೈಗೆ ಮೊದಲೇ ಪರಿಚಯದವು.

ವೇಗ ತಪ್ಪಿದರೆ ಏನಾಗುತ್ತದೆ ಎನ್ನುವುದು ನೂರು ವರ್ಷಕ್ಕೂ ಹಿಂದೆಯೇ ಗೊತ್ತಾಗಿದೆ. ಬೆಲ್ಜಿಯಂನ ಅಲ್ಬಿನ್ ಲಾಂಬೊಟ್ ಎಂಬ ಸರ್ಜನ್ 1900ರ ದಶಕದಲ್ಲಿ ಒಬ್ಬರ ಮುರಿದ ಕಾಲಿಗೆ ಮೆಗ್ನೀಸಿಯಂ ಪ್ಲೇಟು ಇಟ್ಟು, ಚಿನ್ನದ ಲೇಪನವಿದ್ದ ಸ್ಟೀಲ್ ಮೊಳೆ ಹೊಡೆದ. ಎಂಟೇ ದಿನದಲ್ಲಿ ಪ್ಲೇಟು ಪುಡಿಯಾಗಿ, ಚರ್ಮದಡಿ ಗಾಳಿ ತುಂಬಿ ಕಾಲು ಊದಿತು. ಎರಡು ಬೇರೆ ಬೇರೆ ಲೋಹ, ನಡುವೆ ಉಪ್ಪುನೀರು ಇದ್ದರೆ ಅದು ಬ್ಯಾಟರಿಯಾಗುತ್ತದೆ. ಮೆಗ್ನೀಸಿಯಂ ಅದರಲ್ಲಿ ಸೋಲುವ ಪಕ್ಷ, ಕ್ಷಣಕ್ಷಣಕ್ಕೂ ಕರಗುತ್ತದೆ. ಇವತ್ತಿಗೂ ನಿಯಮ ಅದೇ: ಮೆಗ್ನೀಸಿಯಂ ಸ್ಕ್ರೂಗೆ ತಾಗುವಂತೆ ಸ್ಟೀಲ್ ಅಥವಾ ಟೈಟೇನಿಯಂ ಇಡಬಾರದು. ನಿಮ್ಮ ಮಗನ ಎಕ್ಸ್‌ರೇಯಲ್ಲಿ ಬೇರೆ ಲೋಹ ಕಾಣಲಿಲ್ಲ, ಒಳ್ಳೆಯದಾಯಿತು. ಮುಂದೆ ಆ ಜಾಗದಲ್ಲಿ ಬೇರೆ ಆಪರೇಷನ್ ಬಂದರೆ ಈ ಮಾತು ಆ ಡಾಕ್ಟರಿಗೆ ಮೊದಲೇ ಹೇಳಬೇಕು.

ಲಾಂಬೊಟ್‌ನ ನಂತರ ಬಹಳ ಕಾಲ ಈ ಲೋಹ ಮೂಲೆ ಸೇರಿತು. ತುಕ್ಕು ಹಿಡಿಯದ ಸ್ಟೀಲ್ ಬಂದ ಮೇಲೆ ಯಾರಿಗೂ ಬೇಕಾಗಲಿಲ್ಲ. ಈಗಿನ ಕಾಲದ ಸ್ಕ್ರೂಗೆ ಯುರೋಪಿನ ಒಪ್ಪಿಗೆ ಸಿಕ್ಕಿದ್ದು 2013ರಲ್ಲಿ, ಕೊರಿಯಾದಲ್ಲಿ 2015ರಲ್ಲಿ. ಅಮೆರಿಕದಲ್ಲಿ 2023ರಲ್ಲಿ ಒಂದು ಸ್ಕ್ರೂಗೆ ಒಪ್ಪಿಗೆ ಸಿಕ್ಕಿತು. ಅದೂ ನಿಮ್ಮ ಮಗನ ಹಾಗೆ ಪಾದದ ಗಂಟಿನ ಮುರಿತಕ್ಕೆ.

ಇನ್ನು ‘ಈ ಸ್ಕ್ರೂ ಎಲುಬು ಬೆಳೆಸುತ್ತದೆ’ ಎನ್ನುವವರ ಮಾತು. ಇದಕ್ಕೆ ಸ್ವಲ್ಪ ಆಧಾರ ಇದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಲಿಗಳ ತೊಡೆಯ ಎಲುಬಿಗೆ ಮೆಗ್ನೀಸಿಯಂ ಕಡ್ಡಿ ಹಾಕಿದಾಗ ಸುತ್ತ ಹೊಸ ಎಲುಬು ದಂಡಿಯಾಗಿ ಬೆಳೆಯಿತು. ಎಲುಬಿನ ಮೇಲ್ಪೊರೆಯಲ್ಲಿರುವ ನರದ ತುದಿಗಳನ್ನು ಮೆಗ್ನೀಸಿಯಂ ಎಚ್ಚರಿಸುತ್ತದೆ, ಅವು ಬಿಡುವ ಒಂದು ರಾಸಾಯನಿಕದಿಂದ ಎಲುಬು ಕಟ್ಟುವ ಜೀವಕೋಶಗಳು ಹುಟ್ಟುತ್ತವೆ ಎಂದು ಅವರು ತೋರಿಸಿದರು. ಓದಿದಾಗ ನನಗೂ ಖುಷಿಯಾಗಿತ್ತು. ಆದರೆ ಇಲಿ ಬೇರೆ, ನಾವು ಬೇರೆ. ಜರ್ಮನಿಯಲ್ಲಿ 26 ಜನರ ಕಾಲಿನ ಹೆಬ್ಬೆರಳು ನೆಟ್ಟಗೆ ಮಾಡುವಾಗ ಅರ್ಧ ಜನಕ್ಕೆ ಮೆಗ್ನೀಸಿಯಂ, ಅರ್ಧ ಜನಕ್ಕೆ ಟೈಟೇನಿಯಂ ಸ್ಕ್ರೂ ಹಾಕಿ ಆರು ತಿಂಗಳು ನೋಡಿದರು. ಇಬ್ಬರದೂ ಸಮ ಸಮ. ಕೊರಿಯಾದಲ್ಲಿ ಮಣಿಕಟ್ಟು ಮುರಿದ 53 ಜನರಲ್ಲಿ ಒಂದು ವರ್ಷದೊಳಗೆ ಸ್ಕ್ರೂ ಕರಗಿ ಆ ಜಾಗದಲ್ಲಿ ಎಲುಬು ತುಂಬಿತು. ಒಳ್ಳೆಯ ಫಲವೇ. ಟೈಟೇನಿಯಮ್ಮನ್ನು ಮೀರಿಸಿತು ಎನ್ನುವುದಕ್ಕೆ ಮಾತ್ರ ಇದು ಸಾಲದು.

ಎಲ್ಲ ಕಡೆಯೂ ಫಲ ಒಳ್ಳೆಯದಾಗಲಿಲ್ಲ ಎನ್ನುವುದನ್ನೂ ಹೇಳಬೇಕು. ಅಂಗೈ ಬುಡದಲ್ಲಿ, ಹೆಬ್ಬೆರಳ ಕಡೆ, ಗೋಡಂಬಿಯಷ್ಟು ದೊಡ್ಡ ಒಂದು ಎಲುಬಿದೆ. ಅದಕ್ಕೆ ರಕ್ತ ಬರುವುದೇ ಒಂದು ಸಣ್ಣ ದಾರಿಯಿಂದ. ಜರ್ಮನಿಯ ವೈದ್ಯರು ಅದರ ಮುರಿತಕ್ಕೆ ಮೆಗ್ನೀಸಿಯಂ ಸ್ಕ್ರೂ ಹಾಕಿ ನೋಡಿದಾಗ ಎಲುಬಿನೊಳಗೆ ದೊಡ್ಡ ದೊಡ್ಡ ಟೊಳ್ಳುಗಳು ಎದ್ದವು. 2017ರಲ್ಲಿ ಅದನ್ನು ಅವರೇ ಮುಚ್ಚುಮರೆಯಿಲ್ಲದೆ ಬರೆದರು. ರಕ್ತ ಕಡಿಮೆ ಇರುವ ಕಡೆ ಗಾಳಿಯನ್ನು ಒಯ್ಯುವವರಿಲ್ಲ, ಹೊಸ ಎಲುಬಿಗೆ ಸಾಮಾನು ತರುವವರೂ ಇಲ್ಲ. ಪಾದದ ಗಂಟಿನ ಒಳಬದಿಯ ಎಲುಬು ಹಾಗಲ್ಲ. ಅದು ರೊಟ್ಟಿಯೊಳಗಿನ ಪೊಳ್ಳಿನಂತೆ ಜಾಳಾದ, ರಕ್ತ ಚೆನ್ನಾಗಿ ಹರಿಯುವ ಎಲುಬು.

ನೀವು ಕೇಳದೇ ಇದ್ದರೂ ಒಂದು ವಿಷಯ, ಯಾಕೆಂದರೆ ಇದರ ಹೆಸರು ಹೇಳಿ ಸ್ಕ್ರೂ ಮಾರುತ್ತಾರೆ. ಎಲುಬಿಗೆ ಭಾರ ಬೇಕು. ಭಾರ ಬಿದ್ದಲ್ಲಿ ಗಟ್ಟಿಯಾಗುತ್ತದೆ, ತಪ್ಪಿದಲ್ಲಿ ಸೊರಗುತ್ತದೆ. ಗಟ್ಟಿ ಲೋಹ ಪಕ್ಕದಲ್ಲಿದ್ದರೆ ಭಾರವೆಲ್ಲ ಅದರ ಮೇಲೆ ಹೋಗಿ ಎಲುಬು ಸೋಮಾರಿಯಾಗುತ್ತದೆ. ಬಾಗದೆ ನಿಲ್ಲುವ ಶಕ್ತಿಯನ್ನು ಗಿಗಾಪಾಸ್ಕಲ್‌ನಲ್ಲಿ ಅಳೆಯುತ್ತಾರೆ. ನಮ್ಮ ಗಟ್ಟಿ ಎಲುಬು 10ರಿಂದ 30, ಮೆಗ್ನೀಸಿಯಂ 45ರ ಆಸುಪಾಸು, ಟೈಟೇನಿಯಂ 110, ಸ್ಟೀಲು 200ರ ಹತ್ತಿರ. ಮೆಗ್ನೀಸಿಯಂ ಎಲುಬಿನ ಬಳಗಕ್ಕೆ ಹತ್ತಿರ ಎನ್ನುವುದು ಸರಿ. ಆದರೆ ಈ ಲಾಭ ಕಾಣುವುದು ಉದ್ದನೆಯ ಪ್ಲೇಟಿನಲ್ಲಿ. ಬೆರಳುದ್ದದ ಸ್ಕ್ರೂನಲ್ಲಿ ಅಷ್ಟೇನೂ ವ್ಯತ್ಯಾಸ ಇಲ್ಲ. ತೊಡೆ, ಮೊಣಕಾಲಡಿಯ ದೊಡ್ಡ ಎಲುಬು ಮುರಿದರೆ ರಾಡು, ಪ್ಲೇಟು ಇವತ್ತಿಗೂ ಸ್ಟೀಲು ಅಥವಾ ಟೈಟೇನಿಯಮ್ಮೇ. ಅಷ್ಟು ಭಾರ ಹೊರಲು ಮೆಗ್ನೀಸಿಯಂಗೆ ಆಗದು. ‘ತೊಡೆಗೂ ಕರಗುವ ರಾಡು ಹಾಕ್ರಿ ಸಾಹೇಬ್ರ’ ಎಂದು ಕೇಳಿಕೊಂಡು ಬರುವವರಿಗೆ ನಾನು ಇಲ್ಲ ಎಂದೇ ಹೇಳುತ್ತೇನೆ.

ಈಗ ನೆರೆಯವರ ಮಾತು. ಪಟ್ಟಿ ಉರಿಯುವುದು ನಿಜ. ಅದು ಕಾಗದದಷ್ಟು ತೆಳ್ಳಗಿನ ಪಟ್ಟಿ, ಒಣಗಾಳಿಯಲ್ಲಿ, ಬೆಂಕಿ ಹಚ್ಚಿದಾಗ. ಮೆಗ್ನೀಸಿಯಂ ಬಿಸಿಗೆ ಕರಗಿ ದ್ರವವಾಗಲು (ನೀರಿನಲ್ಲಿ ಸವೆದು ಕರಗುವುದು ಬೇರೆ) 650 ಡಿಗ್ರಿ ಬೇಕು. ಮಗನ ಮೈ 37 ಡಿಗ್ರಿ, ಸ್ಕ್ರೂ ಇರುವುದು ರಕ್ತದಲ್ಲಿ ತೊಯ್ದ ಎಲುಬಿನೊಳಗೆ. ಅದು ಹೊತ್ತಿಕೊಳ್ಳುವ ಮಾತೇ ಇಲ್ಲ. ಎಂಆರ್‌ಐ ಬೇಕಾದರೂ ಮಾಡಿಸಬಹುದು, ಮೆಗ್ನೀಸಿಯಂ ಅಯಸ್ಕಾಂತಕ್ಕೆ ಅಂಟುವ ಲೋಹವಲ್ಲ. ಸ್ಕ್ಯಾನ್ ಮಾಡುವವರಿಗೆ ಸ್ಕ್ರೂ ಇದೆ ಎಂದು ಮೊದಲು ಹೇಳಬೇಕು, ಅಷ್ಟೇ.

ಕಿಡ್ನಿ ಮತ್ತು ರೊಟ್ಟಿ ಒಂದೇ ಲೆಕ್ಕದಲ್ಲಿ ಮುಗಿಯುತ್ತವೆ. ನಮ್ಮ ಮೈಯಲ್ಲಿ ಸುಮಾರು 25 ಗ್ರಾಂ ಮೆಗ್ನೀಸಿಯಂ ಇರುತ್ತದೆ, ಅರ್ಧಕ್ಕಿಂತ ಹೆಚ್ಚು ಎಲುಬಿನಲ್ಲೇ. ದಿನಕ್ಕೆ 300ರಿಂದ 400 ಮಿಲಿಗ್ರಾಂ ಊಟದಿಂದ ಬೇಕು. ನೂರು ಗ್ರಾಂ ಜೋಳದ ಹಿಟ್ಟಿನಲ್ಲೇ ನೂರು ಮಿಲಿಗ್ರಾಂ ದಾಟುತ್ತದೆ. ಆ ಎರಡು ಸ್ಕ್ರೂ ವರ್ಷವಿಡೀ ಕರಗಿದರೆ ದಿನಕ್ಕೆ ಮೂರು ಮಿಲಿಗ್ರಾಂ ಕೊಟ್ಟಾವು. ರೊಟ್ಟಿಯ ಒಂದು ತುಣುಕಿನಷ್ಟು. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಎಲ್ಲ ಕೊಡಿ. ಹೆಚ್ಚಾದ ಮೆಗ್ನೀಸಿಯಂ ಮೂತ್ರದಲ್ಲಿ ಹೋಗುತ್ತದೆ. ಕಿಡ್ನಿ ತೀರ ಕೆಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರ ವಿಷಯ ಬೇರೆ. ಅಂಥವರಿಗೆ ನಾನು ಈ ಸ್ಕ್ರೂ ಹಾಕುವುದಿಲ್ಲ, ಯಾಕೆಂದರೆ ಹೆಚ್ಚಾದ ಮೆಗ್ನೀಸಿಯಂ ಅವರ ಮೈಯಿಂದ ಸರಿಯಾಗಿ ಹೊರಗೆ ಹೋಗುವುದಿಲ್ಲ, ಎಲುಬೂ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಯಟ್ರಿಯಂ ಮುಂತಾದ ಬೆರಕೆ ಲೋಹಗಳ ಪ್ರಶ್ನೆ ಇದಕ್ಕಿಂತ ತೂಕದ್ದು. ಅವು ಮೆಗ್ನೀಸಿಯಂ ಹಾಗೆ ಸಲೀಸಾಗಿ ಹೊರಗೆ ಹೋಗದೆ ಆಸುಪಾಸಿನಲ್ಲೇ ಬಹುಕಾಲ ಉಳಿಯುತ್ತವೆ. ಪ್ರಮಾಣ ತೀರ ಸಣ್ಣದು. ಆದರೂ ಬೆಳೆಯುವ ಮಕ್ಕಳಿಗೆ ಹಾಕುವಾಗ ನಾನು ಎರಡು ಸಲ ಯೋಚಿಸುತ್ತೇನೆ.

ತೂತು ಉಳಿಯುತ್ತದಾ ಎಂದಿರಿ. ಕರಗಿದ ಜಾಗ ಒಂದೇ ದಿನ ಖಾಲಿಯಾಗುವುದಿಲ್ಲ. ಲೋಹ ಹೋದಲ್ಲಿ ಮೊದಲು ಆ ಬಿಳಿ ಹಕ್ಕಳೆ ಕೂರುತ್ತದೆ, ನಂತರ ನಿಧಾನಕ್ಕೆ ಎಲುಬು ಅದನ್ನು ಬದಲಿಸುತ್ತದೆ. ವರ್ಷ ಕಳೆದ ಮೇಲೂ ಎಕ್ಸ್‌ರೇಯಲ್ಲಿ ಸ್ಕ್ರೂ ಇದ್ದ ದಾರಿ ಮಸುಕಾಗಿ ಕಾಣಬಹುದು, ಹಳೆಯ ಬಂಡಿದಾರಿಯ ಹಾಗೆ. ಅದರಿಂದ ಎಲುಬಿನ ಬಲಕ್ಕೆ ಕೊರತೆ ಇಲ್ಲ. ಇನ್ನೊಂದು ಕಡೆಯಿಂದ ನೋಡಿ: ಸ್ಟೀಲ್ ಸ್ಕ್ರೂ ತೆಗೆಸಿದರೂ ತೂತು ಉಳಿಯುತ್ತದೆ, ಅದು ಒಮ್ಮೆಲೇ ಖಾಲಿಯಾಗುವ ತೂತು. ಅದಕ್ಕೇ ಸ್ಕ್ರೂ ತೆಗೆಸಿದವರಿಗೆ ಕೆಲವು ವಾರ ಓಡಬೇಡಿ, ಜಿಗಿಯಬೇಡಿ ಎನ್ನುತ್ತೇವೆ.

ತೆಗೆಸುವ ಮಾತು ಬಂದಿದ್ದಕ್ಕೆ ನನ್ನದೇ ಒಂದು ಕಥೆ. ತುಂಬ ವರ್ಷದ ಹಿಂದೆ ನಾನು ಬೇರೆ ಊರಿನ ಒಂದು ಆಸ್ಪತ್ರೆಯಲ್ಲಿದ್ದೆ. ಒಬ್ಬ ರೈತನ ಕಾಲಿನಿಂದ ಹಳೆಯ ಸ್ಟೀಲ್ ಸ್ಕ್ರೂ ತೆಗೆಯುವುದಿತ್ತು. ಅರ್ಧ ಗಂಟೆಯ ಕೆಲಸ ಎಂದುಕೊಂಡೆ. ಸ್ಕ್ರೂ ತಲೆ ಸವೆದು ಡ್ರೈವರು ಸುಮ್ನೆ ತಿರುಗತೊಡಗಿತು. ಎಳೆದರೆ ತಲೆ ಮುರಿಯಿತು. ಕೊನೆಗೆ ಸುತ್ತಲಿನ ಎಲುಬು ಕೊರೆದು ತೆಗೆಯುವಷ್ಟರಲ್ಲಿ ಎರಡೂವರೆ ಗಂಟೆ. ಅವನಿಗೆ ಮತ್ತೆ ಆರು ವಾರ ಪ್ಲಾಸ್ಟರು, ಆ ಹಂಗಾಮಿನ ಬಿತ್ತನೆ ಹೋಯಿತು. ಇವತ್ತಿಗೂ ನೆನೆದರೆ ಕಸಿವಿಸಿ. ಎರಡನೇ ಆಪರೇಷನ್ ತಪ್ಪಿಸುವ ಲೋಹದ ಮೇಲೆ ನನಗೆ ಒಲವು ಹುಟ್ಟಿದ್ದು ಅಲ್ಲಿಂದ. ಅರ್ಧ ಕರಗಿದ ಮೆಗ್ನೀಸಿಯಂ ಸ್ಕ್ರೂ ತೆಗೆಯುವುದಂತೂ ಅದಕ್ಕಿಂತ ಕಷ್ಟ. ಹಿಡಿತಕ್ಕೆ ಸಿಗದೆ ಹೆಂಟೆಯ ಹಾಗೆ ಉದುರುತ್ತದೆ. ಅದನ್ನು ಕೆರೆದು ತೆಗೆಯಬೇಕು, ಒಳ್ಳೆಯ ಎಲುಬೂ ಜೊತೆಗೆ ಬರುತ್ತದೆ. ನೀವು ಹೆದರಿ ಈಗಲೇ ತೆಗೆಸಿದ್ದರೆ ಕಪ್ಪು ಪಟ್ಟಿಗಿಂತ ದೊಡ್ಡ ಗುಂಡಿಯನ್ನು ನಾವೇ ತೋಡಿದ ಹಾಗಾಗುತ್ತಿತ್ತು.

ಹಾಗಾದರೆ ಏನು ಮಾಡಬೇಕು? ನನ್ನ ಆಯ್ಕೆ: ಕಾದು ನೋಡುವುದು, ಆದರೆ ಲೆಕ್ಕ ಇಟ್ಟು ಕಾಯುವುದು. ಒಂದು ಎಕ್ಸ್‌ರೇಯಿಂದ ಪಟ್ಟಿ ಹಿಗ್ಗುತ್ತಿದೆಯೋ ಕುಗ್ಗುತ್ತಿದೆಯೋ ತಿಳಿಯುವುದಿಲ್ಲ. ಮೂರನೇ ತಿಂಗಳಿಗೆ ಇನ್ನೊಂದು, ಆಮೇಲೆ ಆರಕ್ಕೆ, ಹನ್ನೆರಡಕ್ಕೆ ಒಂದೊಂದು. ಕಾಲು ಒಂದೇ ರೀತಿ ಇಟ್ಟು ತೆಗೆಯಲು ಹೇಳಿ. ಕೋನ ಬದಲಾದರೆ ಹೋಲಿಕೆ ಕೆಡುತ್ತದೆ. ಪಟ್ಟಿ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ತೆಳ್ಳಗಾಗುತ್ತ ಹೋಗುತ್ತದೆ. ಜೊತೆಗೆ ಈಗಲೇ ಒಂದು ಸಲ ಸಿಆರ್‌ಪಿ, ಇಎಸ್‌ಆರ್ ಎಂಬ, ಮೈಯೊಳಗೆ ಉರಿಯೂತ ಅಥವಾ ಇನ್‌ಫೆಕ್ಷನ್ ಇರಬಹುದಾ ಎಂದು ಸುಳಿವು ಕೊಡುವ ರಕ್ತ ಪರೀಕ್ಷೆ ಮಾಡಿಸಿ. ದುಬಾರಿಯಲ್ಲ, ನಿಮ್ಮ ನಿದ್ದೆಗೂ ಒಳ್ಳೆಯದು. ಕಾದು ನೋಡುವುದರಲ್ಲಿ ಅಪಾಯ ಇಲ್ಲವೇ ಇಲ್ಲ ಎನ್ನಲಾರೆ. ಕೆಲವರಿಗೆ ತೊಂದರೆಯಾಗುವುದೂ ಉಂಟು, ಅದರ ಬಗ್ಗೆಯೂ ಎಚ್ಚರ ಬೇಕಲ್ಲ.

ಯಾವಾಗ ಕಾಯಬಾರದು ಎನ್ನುವುದು ಸ್ಪಷ್ಟ. ಇಳಿದ ನೋವು ಮತ್ತೆ ಏರಿದರೆ, ಅದರಲ್ಲೂ ರಾತ್ರಿ ಮಲಗಿದಾಗ ಜುಮುಗುಡುವ ನೋವು ಬಂದರೆ, ಗಂಟಿನ ಸುತ್ತ ಬಾವು, ಕೆಂಪು, ಬಿಸಿ ಕಂಡರೆ, ಗಾಯ ಒಸರಿದರೆ, ಜ್ವರ ಬಂದರೆ ಅದೇ ದಿನ ತೋರಿಸಿ. ಪಟ್ಟಿ ಒಂದೇ ಕಡೆ ಹಿಗ್ಗಿ ಅಂಚು ಹರಕು ಹರಕಾದರೆ, ಮುರಿದ ಗೆರೆ ಮೂರು ತಿಂಗಳಾದರೂ ಹಾಗೇ ಇದ್ದರೆ ಸಿಟಿ ಸ್ಕ್ಯಾನ್ ಬೇಕು. ಎಕ್ಸ್‌ರೇಗಿಂತ ಸಿಟಿಯಲ್ಲಿ ಟೊಳ್ಳು ಎಷ್ಟು ದೊಡ್ಡದು ಎಂದು ಚೆನ್ನಾಗಿ ತಿಳಿಯುತ್ತದೆ. ಟೊಳ್ಳು ದೊಡ್ಡದಿದ್ದು ಎಲುಬು ಕೂಡಿಕೊಳ್ಳದೇ ಇದ್ದರೆ ಮಾತ್ರ ಅದನ್ನು ಕೆರೆದು, ಸೊಂಟದಿಂದ ತೆಗೆದ ಎಲುಬಿನ ಚೂರು ತುಂಬುವ ಆಪರೇಷನ್. ಅದು ಕೊನೆಯ ದಾರಿ.

ಕಾಲೂರುವುದರ ಬಗ್ಗೆ ಜರ್ಮನಿಯ ಡಾಕ್ಟರು ಬರೆದುಕೊಟ್ಟ ಚೀಟಿಯನ್ನೇ ಪಾಲಿಸಿ. ಈ ಲೋಹ ಟೈಟೇನಿಯಮ್ಮಿಗಿಂತ ಮೆತ್ತಗೆ, ತಿಂಗಳು ಕಳೆದ ಹಾಗೆ ಇನ್ನೂ ಮೆತ್ತಗಾಗುತ್ತದೆ. ಅಷ್ಟರಲ್ಲಿ ಎಲುಬು ತಾನೇ ಭಾರ ಹಿಡಿದಿರುತ್ತದೆ ಎಂಬ ಲೆಕ್ಕದ ಮೇಲೆ ಹಾಕಿದ್ದು. ಊರಿಗೆ ಬಂದ ಖುಷಿಯಲ್ಲಿ ಗೆಳೆಯರ ಜೊತೆ ಕ್ರಿಕೆಟ್ಟಿಗೆ ಇಳಿದರೆ ಆ ಲೆಕ್ಕ ತಪ್ಪುತ್ತದೆ. ಎಣ್ಣೆ ಹಚ್ಚಿ ತಿಕ್ಕುವವರ ಹತ್ತಿರವೂ ಕರೆದೊಯ್ಯಬೇಡಿ. ನಮ್ಮ ಕಡೆ ಅವರಲ್ಲಿ ಕೈಗುಣದವರು ಇದ್ದಾರೆ, ಅಲ್ಲಗಳೆಯುವುದಿಲ್ಲ. ಆದರೆ ಸ್ಕ್ರೂ ಇರುವ ಕಾಲನ್ನು ತಿಕ್ಕುವುದು ಬೇಡ.

ತಮ್ಮನ ವಿಷಯ ಬೇರೆಯೇ. ನಮ್ಮ ಹುಬ್ಬಳ್ಳಿ, ಹಾವೇರಿ ಕಡೆ ಮೊಣಕಾಲಿನ ಲಿಗಮೆಂಟಿಗೆ ‘ಕರಗುವ ಸ್ಕ್ರೂ’ ಎಂದರೆ ಸಾಮಾನ್ಯವಾಗಿ ಲೋಹವಲ್ಲ, ಪಾಲಿಮರ್. ಅಂದರೆ ಒಂದು ಬಗೆಯ ಪ್ಲಾಸ್ಟಿಕ್. ಅದು ಕರಗಿದಾಗ ಲ್ಯಾಕ್ಟಿಕ್ ಆಮ್ಲ ಬರುತ್ತದೆ, ಮೊಸರು ಹುಳಿಯಾಗುವುದು ಅದರಿಂದಲೇ. ಮೆಗ್ನೀಸಿಯಂ ಎಲುಬಿನ ಸುತ್ತ ಸುಣ್ಣದ ಗುಣ ಮಾಡಿದರೆ ಇದು ಹುಳಿ ಮಾಡುತ್ತದೆ. ಹುಳಿಯೂ ಜಾಸ್ತಿಯಾದರೆ ಎಲುಬು ಸವೆಯುತ್ತದೆ. 1980ರ ದಶಕದಲ್ಲಿ ಫಿನ್‌ಲೆಂಡಿನಲ್ಲಿ ಇಂಥ ವಸ್ತುವಿನ ಕಡ್ಡಿಗಳನ್ನು ಪಾದದ ಗಂಟಿಗೆ ಹಾಕಿದಾಗ ಕೆಲವರ ಗಾಯ ತಿಂಗಳುಗಳ ನಂತರ ಒಸರಿತು. ಪರೀಕ್ಷಿಸಿದರೆ ಅದರಲ್ಲಿ ರೋಗಾಣುವೇ ಇರಲಿಲ್ಲ. ಈಗಿನವು ಬೇರೆ ಪಾಲಿಮರ್, ನಿಧಾನಕ್ಕೆ ಕರಗುತ್ತವೆ, ಹುಳಿ ಕಡಿಮೆ ಮಾಡಲು ಕ್ಯಾಲ್ಸಿಯಂ ಫಾಸ್ಫೇಟ್ ಬೆರೆಸಿರುತ್ತಾರೆ. ಪೂರ್ತಿ ಹೋಗಲು ಎರಡು, ಮೂರು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ.

ಬೇಡ ಎನ್ನಬೇಕಾದ ಸಾಮಾನಲ್ಲ ಅದು. ಹಾಗಂತ ಅದಕ್ಕಾಗಿ ಹಠ ಹಿಡಿಯುವಂಥದ್ದೂ ಅಲ್ಲ. ಟೈಟೇನಿಯಂ ಸ್ಕ್ರೂ ಹಾಕಿದರೂ ಲಿಗಮೆಂಟ್ ಚೆನ್ನಾಗಿಯೇ ಕೂರುತ್ತದೆ, ಖರ್ಚು ಕಡಿಮೆ. ಮುಂದೆ ಎಂಆರ್‌ಐ ಮಾಡಿಸಿದರೆ ಚಿತ್ರ ಆ ಜಾಗದಲ್ಲಿ ಸ್ವಲ್ಪ ಕೆಡುತ್ತದೆ ಎನ್ನುವುದು ಅದರ ದೋಷ. ಪಾಲಿಮರ್ ಸ್ಕ್ರೂ ಹಾಕುವಾಗ ಮುರಿಯುವುದು, ಲಿಗಮೆಂಟ್ ಕೂರಿಸಲು ಎಲುಬಿನಲ್ಲಿ ಕೊರೆದ ಸುರಂಗ ಅಗಲವಾಗುವುದು ಇದರ ದೋಷ. ಕರಗದ, ಲೋಹವೂ ಅಲ್ಲದ ಪೀಕ್ ಎಂಬ ವಸ್ತುವಿನ ಸ್ಕ್ರೂ ಕೂಡ ಇದೆ. ನಿಮ್ಮ ತಮ್ಮನ ಮಟ್ಟಿಗೆ ಸ್ಕ್ರೂ ಯಾವುದು ಎನ್ನುವುದಕ್ಕಿಂತ ಶುಗರ್ ಎಷ್ಟು ಎನ್ನುವುದೇ ದೊಡ್ಡ ಮಾತು. ಶುಗರ್ ಏರಿದ್ದರೆ ಯಾವ ಸ್ಕ್ರೂ ಹಾಕಿದರೂ ಕೀವಾಗುವ ಭಯ ಹೆಚ್ಚು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ಜಾಸ್ತಿ ಇದ್ದರೆ ಆಪರೇಷನ್ ಒಂದು ತಿಂಗಳು ಮುಂದೆ ಹಾಕಿ ಎಂದು ಡಾಕ್ಟರನ್ನೇ ಕೇಳಿ. ಲಿಗಮೆಂಟ್ ಆಪರೇಷನ್ ಅಷ್ಟು ಕಾಯಬಲ್ಲದು. ‘ಕರಗುವುದು ಅಂದ್ರಲ್ರೀ, ಲೋಹನೋ ಪ್ಲಾಸ್ಟಿಕ್ಕೋ?’ ಎಂದೂ ಕೇಳಲಿ. ಕೇಳಿದರೆ ಬೇಜಾರು ಮಾಡಿಕೊಳ್ಳುವ ಡಾಕ್ಟರಾದರೆ ಇನ್ನೊಬ್ಬರನ್ನು ನೋಡಲಿ.

ಸ್ಕ್ರೂ ಡಬ್ಬಿಯ ಮೇಲೆ ಕಂಪನಿ, ವಸ್ತು, ಬ್ಯಾಚ್ ನಂಬರ್ ಬರೆದ ಸ್ಟಿಕ್ಕರ್ ಇರುತ್ತದೆ. ಅದನ್ನು ಡಿಸ್ಚಾರ್ಜ್ ಕಾರ್ಡಿಗೆ ಅಂಟಿಸಿ ಕೊಡಲು ತಮ್ಮನಿಗೆ ಹೇಳಿ. ಮಗನ ಜರ್ಮನ್ ಕಾಗದಗಳಲ್ಲೂ ಅದು ಇದ್ದೇ ಇರುತ್ತದೆ. ಅದರ ಫೋಟೊ ತೆಗೆದು ಅವನ ಮೊಬೈಲಿನಲ್ಲೂ ನಿಮ್ಮದರಲ್ಲೂ ಇಟ್ಟುಕೊಳ್ಳಿ. ನಾಳೆ ಯಾವ ಊರಿನಲ್ಲಿ ಎಕ್ಸ್‌ರೇ ತೆಗೆಸಿದರೂ ಚಿತ್ರದ ಜೊತೆ ಅದನ್ನೂ ತೋರಿಸಬೇಕು. ಆಪರೇಷನ್ ಆದ ಮರುದಿನದ ಎಕ್ಸ್‌ರೇ ಅವನ ಹತ್ತಿರ ಇದ್ದರೆ ನನಗೂ ಕಳಿಸಿ. ಮೂರನೇ ತಿಂಗಳದ್ದು ಬಂದ ಮೇಲೆ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡೋಣ.